‘ಸ್ವೂಪ್’ ಎಂದರೆ ಎರಗುವುದು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಮಾಡಿದ ಭಾಷಣ)



ಶಾಲೆಯ ಬಗ್ಗೆ ನಾಲ್ಕು ಮಾತು ಆಡಿ ಎಂದರು. ನಾನು ಇಲ್ಲಿ ಕಲಿತ ಒಂದು ಇಂಗ್ಲಿಷ್ ಪದದ ಬಗ್ಗೆ ಹೇಳುತ್ತೇನೆ. ಅದು ‘ಸ್ವೂಪ್’.

ಒಂಬತ್ತನೇ ತರಗತಿಯಲ್ಲಿ ಈ ಪದಕ್ಕೆ ನಿಘಂಟು ನೋಡಿದೆ. ‘ಎರಗು’ ಎಂದಿತ್ತು. ಎರಗು ಎಂದರೆ ನಮಸ್ಕರಿಸು ಎಂದಷ್ಟೇ ನನಗೆ ಗೊತ್ತು. ‘ಹದ್ದು ಕೋಳಿಮರಿಗೆ ನಮಸ್ಕಾರ ಮಾಡಿತು’ ಎಂದು ಬರೆದೆ. ತರಗತಿಯೆಲ್ಲ ನಕ್ಕಿತು, ಮೇಷ್ಟ್ರು ನಗಲಿಲ್ಲ. “ಪಾದಕ್ಕೆ ಎರಗಿದರೆ ನಮಸ್ಕಾರ ಕಣಪ್ಪ, ಮೇಲೆ ಎರಗಿದರೆ ದಾಳಿ. ಪದ ಒಂದೇ, ಸಂದರ್ಭ ನೋಡಬೇಕು” ಎಂದರು.

ಇಂಗ್ಲಿಷಿನಲ್ಲಿ ‘ಅಟ್ಯಾಕ್’ ಎಲ್ಲ ದಾಳಿಗೂ ಸಲ್ಲುತ್ತದೆ. ಬೆಕ್ಕು ಇಲಿಯ ಮೇಲೆ ಹಾರಿದರೆ ‘ಪೌನ್ಸ್’. ಬೇಟೆಹಕ್ಕಿಯ ಉಗುರಿಗೆ ಇದ್ದ ಹೆಸರಿನಿಂದ ಬಂದ ಪದ ಅದು. ಹಕ್ಕಿ ಆಕಾಶದಿಂದ ಒಮ್ಮೆಲೇ ಇಳಿದು ಬಂದರೆ ‘ಸ್ವೂಪ್’. ಗುಡಿಸುವುದಕ್ಕೆ ಹೇಳುವ ‘ಸ್ವೀಪ್’ ಪದಕ್ಕೂ ಇದಕ್ಕೂ ನಂಟಿದೆ.

1606ರ ಸುಮಾರಿಗೆ ಷೇಕ್ಸ್‌ಪಿಯರ್ ಬರೆದ ‘ಮ್ಯಾಕ್‌ಬೆತ್’ ನಾಟಕದಲ್ಲಿ ಮ್ಯಾಕ್‌ಡಫ್ ಎಂಬ ಸರದಾರ ಊರು ಬಿಟ್ಟು ಹೋಗಿರುತ್ತಾನೆ. ದೊರೆ ಮ್ಯಾಕ್‌ಬೆತ್ ಕಳಿಸಿದ ಕೊಲೆಗಡುಕರು ಅವನ ಹೆಂಡತಿ ಮಕ್ಕಳನ್ನು ಕೊಲ್ಲುತ್ತಾರೆ. ಸುದ್ದಿ ಕೇಳಿದ ಅವನಿಗೆ ನಂಬಲಾಗುವುದಿಲ್ಲ. ಎಲ್ಲರೂ ಹೋದರೇ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಮಕ್ಕಳು ಕೋಳಿಮರಿಗಳು, ಹೆಂಡತಿ ತಾಯಿಕೋಳಿ, ಕೊಂದವನು ನರಕದ ಹದ್ದು. ಅಲ್ಲಿ ಬರುತ್ತದೆ ಈ ‘ಸ್ವೂಪ್’.

‘ವನ್ ಫೆಲ್ ಸ್ವೂಪ್’ ಎಂಬ ನುಡಿಗಟ್ಟು ಅಲ್ಲಿಂದಲೇ ಬಂದದ್ದು. ಇಲ್ಲಿ ‘ಫೆಲ್’ ಎಂದರೆ ಬಿದ್ದ ಎಂದಲ್ಲ, ಕ್ರೂರ ಎಂದು. ‘ಫೆಲನ್’, ಅಂದರೆ ಘೋರ ಅಪರಾಧಿ, ಎಂಬುದರ ಮೂಲವೂ ಅದೇ. ಈಗ ಎಲ್ಲ ಫೈಲುಗಳನ್ನು ಒಂದೇ ದಿನ ವಿಲೇವಾರಿ ಮಾಡಿದರೂ ಹಾಗೇ ಹೇಳುತ್ತಾರೆ. ಪರೀಕ್ಷೆಯಲ್ಲಿ ‘ಒಂದೇ ಏಟಿಗೆ’ ಎಂದು ಬರೆದರೆ ಅಂಕವೂ ಬರುತ್ತದೆ. ಆದರೆ ಮಕ್ಕಳನ್ನು ಕಳೆದುಕೊಂಡ ತಂದೆಯ ಸಂಕಟ ಆ ಅರ್ಥದಲ್ಲಿಲ್ಲ.

ನಮಗೆ ಅದು ತಿಳಿಯದ್ದೇನಲ್ಲ. ಹದ್ದು ಎರಗಿ ಮರಿಯನ್ನು ಎತ್ತಿಕೊಂಡು ಹೋದ ಮೇಲೆ ತಾಯಿಕೋಳಿ ಹಿತ್ತಲೆಲ್ಲ ಕೂಗುತ್ತ ಅಲೆಯುವುದನ್ನು ನೋಡಿಯೇ ಬೆಳೆದವರು ನಾವು. ಮ್ಯಾಕ್‌ಡಫ್‌ನ ಪಾಲಿಗಂತೂ ಕೂಗುವುದಕ್ಕೆ ತಾಯಿಕೋಳಿಯೂ ಉಳಿಯಲಿಲ್ಲ.

ಮಕ್ಕಳೇ, ಇಂಗ್ಲಿಷ್ ಪದವನ್ನು ಬಾಯಿಪಾಠ ಮಾಡಿ ಬಿಡಬೇಡಿ. ನಿಮ್ಮ ಹಿತ್ತಲಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂದು ಅಜ್ಜಿಯನ್ನು ಕೇಳಿ. ತಪ್ಪಾದರೆ ನಗುವವರಿಗೆ ಹೆದರಬೇಡಿ. ಅಂದು ನಗದೆ ತಿಳಿಹೇಳಿದ ಮೇಷ್ಟ್ರಿಂದಾಗಿಯೇ ನಾನೂ ಇಂಗ್ಲಿಷ್ ಮೇಷ್ಟ್ರಾದೆ.

ನನ್ನ ಗುರುಗಳ ಪಾದಗಳಿಗೆ ಎರಗಿ ಮಾತು ಮುಗಿಸುತ್ತೇನೆ.