ಕೇಪಿನ ಕೋವಿಗೆ ನೀರು ಮೊದಲು, ಎಣ್ಣೆ ಆಮೇಲೆ
(ಮಲೆನಾಡಿನ ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಭಾಷಣದ ಪಠ್ಯ)



ಬೋರ್ಡೋ ದ್ರಾವಣ ಸಿಂಪಡಿಸಿದ ದಿನ ಸಂಜೆ ಪಂಪನ್ನು ತೊಳೆಯದೆ ಕೊಟ್ಟಿಗೆಯ ಮೂಲೆಗೆ ಸರಿಸುವ ಅಡಿಕೆ ಬೆಳೆಗಾರರು ವಿರಳ. ತೊಳೆಯದೆ ಬಿಟ್ಟರೆ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಸುಣ್ಣ ನಾಜಲ್ಲನ್ನು ಕಟ್ಟುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದೇ ಬೆಳೆಗಾರರು ಗದ್ದೆಗೆ ನುಗ್ಗಿದ ಹಂದಿಗಳನ್ನು ಬೆದರಿಸಲು ರಾತ್ರಿ ಒಂದು ಈಡು ಹೊಡೆದು ಬಂದಾಗ ಕೋವಿಯನ್ನು ಮಾತ್ರ ಹಾಗೆಯೇ ಒರಗಿಸಿ ಮಲಗುತ್ತಾರೆ. ಹೆಚ್ಚೆಂದರೆ ಮರುದಿನ ಸೀಮೆಎಣ್ಣೆ ಬಟ್ಟೆಯಲ್ಲಿ ಹೊರಮೈ ಒರೆಸುತ್ತಾರೆ. ನಳಿಗೆ ಹೊರಗೆ ಮಿರುಗುತ್ತಿರುತ್ತದೆ. ಒಳಗೆ, ಮದ್ದು ಕೂರುವ ಬುಡದಲ್ಲಿ, ತುಕ್ಕು ಮಳೆಗಾಲವಿಡೀ ಕೆಲಸ ಮಾಡುತ್ತಿರುತ್ತದೆ. ಕೊನೆಗೆ ಒಂದು ದಿನ ನಳಿಗೆ ಸೀಳುವುದು ಆ ಬುಡದಲ್ಲಿಯೇ. ಗುರಿಯಿಡುವವನ ಕಣ್ಣು ಮತ್ತು ಎಡಗೈ ಇರುವುದೂ ಅದರ ಹತ್ತಿರವೇ.

ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಬಾಯಿಮದ್ದಿನ ಕೋವಿಗಳು ಇಂದಿಗೂ ಇವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದ್ದು, ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಲೈಸೆನ್ಸಿನಿಂದ ವಿನಾಯಿತಿ ದೊರೆಯಬಹುದು, ತುಕ್ಕಿನಿಂದ ದೊರೆಯುವುದಿಲ್ಲ. ಆಗುಂಬೆಯಂತಹ ಊರಿನಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿನ ಗಾಳಿಯಲ್ಲಿ ತೊಳೆಯದ ನಳಿಗೆ ಕೆಡಲು ವಾರಗಳು ಬೇಕಾಗಿಲ್ಲ, ಒಂದೆರಡು ದಿನ ಸಾಕು.

ಮಸಿಯಲ್ಲಿ ಏನಿದೆ?

ಕರಿಮದ್ದು ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕಗಳ ಮಿಶ್ರಣ. ಇದು ಪೂರ್ತಿ ಉರಿದು ಹೋಗುವ ವಸ್ತುವಲ್ಲ. ತೂಕದಲ್ಲಿ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಅನಿಲವಾಗಿ ಈಡನ್ನು ತಳ್ಳುತ್ತದೆ. ಉಳಿದದ್ದೆಲ್ಲ ಘನರೂಪದ ಲವಣಗಳಾಗಿ ಕೆಲವು ಪಾಲು ಹೊಗೆಯೊಡನೆ ಹೊರಹೋಗುತ್ತದೆ, ಕೆಲವು ಪಾಲು ನಳಿಗೆಯೊಳಗೆ ಅಂಟಿಕೊಳ್ಳುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್ ಇವುಗಳಲ್ಲಿ ಮುಖ್ಯವಾದವು. ತೊಳೆದ ನೀರು ಕೊಳೆತ ಮೊಟ್ಟೆಯಂತೆ ನಾರುವುದು ಈ ಸಲ್ಫೈಡಿನಿಂದಲೇ. ಕೇಪಿನ ಸಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ ಅದು ಉರಿದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ. ಇದು ಅಡುಗೆ ಉಪ್ಪಿನ ದಾಯಾದಿ.

ಮಳೆಗಾಲದಲ್ಲಿ ಉಪ್ಪಿನ ಭರಣಿಯಲ್ಲಿ ನೀರೊಡೆಯುವುದನ್ನು ಮನೆಯ ಹೆಂಗಸರು ದಿನವೂ ಕಾಣುತ್ತಾರೆ. ನಳಿಗೆಯೊಳಗೆ ನಡೆಯುವುದೂ ಅದೇ. ಮಸಿ ಗಾಳಿಯ ತೇವವನ್ನು ಹೀರಿ ಒದ್ದೆಯಾಗಿ, ಆ ಉಪ್ಪುನೀರು ಕಬ್ಬಿಣದ ಮೈಗೆ ಅಂಟಿಕೊಂಡೇ ಇರುತ್ತದೆ. ಸೀಮೆಎಣ್ಣೆಯಾಗಲಿ ಬೇರೆ ಎಣ್ಣೆಯಾಗಲಿ ಇದಕ್ಕೆ ಮದ್ದಲ್ಲ. ಸಂದೇಹವಿದ್ದವರು ಎರಡು ಲೋಟ ತೆಗೆದುಕೊಂಡು ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ ಹಾಕಿ, ಎರಡಕ್ಕೂ ಚಿಟಿಕೆ ಉಪ್ಪು ಹಾಕಿ ಕದಡಿ ನೋಡಬಹುದು. ನೀರಿನಲ್ಲಿ ಉಪ್ಪು ಕರಗುತ್ತದೆ, ಸೀಮೆಎಣ್ಣೆಯಲ್ಲಿ ತಳದಲ್ಲಿ ಕೂರುತ್ತದೆ. ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಇದನ್ನು ಎರಡು ನಿಮಿಷದಲ್ಲಿ ತೋರಿಸಬಹುದು. ಮಸಿಯ ಮೇಲೆ ಎಣ್ಣೆ ಬಳಿಯುವುದೆಂದರೆ ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ. ಕಬ್ಬಿಣಕ್ಕೆ ನೀರು ಶತ್ರುವೆಂದು ಹೆದರಿ ಕೋವಿಗೆ ನೀರು ಸೋಕಿಸದವರ ನಳಿಗೆಗಳೇ ಬೇಗ ಕೆಡುವುದು.

ಮೊದಲು ಬರಿದೋ ಅಲ್ಲವೋ ನೋಡಬೇಕು

ತೊಳೆಯುವ ಮಾತಿಗೆ ಮುಂಚೆ ಇನ್ನೊಂದು ಕೆಲಸವಿದೆ. ತೋಟೆ ಕೋವಿಯನ್ನು ಮಡಿಸಿದರೆ ಈಡು ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಬಾಯಿಮದ್ದಿನ ಕೋವಿಯಲ್ಲಿ ಆ ಅನುಕೂಲವಿಲ್ಲ. ಕೇಪು ತೆಗೆದಿದೆ ಎಂಬುದರಿಂದ ಕೋವಿ ಬರಿದಾಗಿದೆ ಎಂದು ಹೇಳಲಾಗದು. ನಿಪ್ಪಲ್ಲಿನ ಮೇಲೆ ಉಳಿದ ಸಿಡಿಮದ್ದಿನ ಕಣದ ಮೇಲೆ ಕುದುರೆ ಬಿದ್ದರೂ ಕೆಲವೊಮ್ಮೆ ಈಡು ಹತ್ತುತ್ತದೆ.

ನಳಿಗೆಯ ಬಾಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಮುಖವನ್ನು ಅದರ ನೇರಕ್ಕೆ ತಾರದೆ, ಗಜದ ಕೋಲನ್ನು ಮೆಲ್ಲಗೆ ಒಳಗಿಳಿಸಬೇಕು. ಬಾಯಿಯ ಅಂಚಿಗೆ ಸರಿಯಾಗಿ ಬೆರಳು ಹಿಡಿದು ಕೋಲನ್ನು ಹೊರತೆಗೆದು ನಳಿಗೆಯ ಹೊರಮೈ ಮೇಲೆ ಇಟ್ಟು ಅಳೆಯಬೇಕು. ಕೋಲಿನ ತುದಿ ನಿಪ್ಪಲ್ಲಿನವರೆಗೆ ಬಂದರೆ ಕೋವಿ ಬರಿದು. ಎರಡು ಮೂರು ಅಂಗುಲ ಮೊದಲೇ ನಿಂತರೆ ಒಳಗೆ ಏನೋ ಇದೆ, ಅದು ಈಡೇ ಎಂದು ತಿಳಿಯಬೇಕು. ಬರಿ ಕೋವಿಯ ಅಳತೆಗೆ ಗಜದ ಕೋಲಿನ ಮೇಲೆ ಒಮ್ಮೆ ಕಚ್ಚು ಹಾಕಿಟ್ಟರೆ ಮುಂದೆ ಪ್ರತಿಸಲವೂ ಒಂದೇ ನೋಟ ಸಾಕು. ಒಳಗೆ ಈಡು ಉಳಿದಿದ್ದರೆ ಕಬ್ಬಿಣದ ಸಲಾಕೆ ಹಾಕಿ ಕೆದಕುವುದಾಗಲಿ, ನಳಿಗೆಯನ್ನು ಒಲೆಯ ಹತ್ತಿರ ಒಯ್ಯುವುದಾಗಲಿ ಕೂಡದು. ನಳಿಗೆಯೊಳಗೆ ನೀರು ಹೊಯ್ದು ಮದ್ದನ್ನು ನೆನೆಸಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದಲೇ ತೆಗೆಸಬೇಕು. ನೆಂದ ಮದ್ದು ಒಣಗಿದರೆ ಮತ್ತೆ ಹತ್ತಬಲ್ಲದು ಎಂಬುದನ್ನು ಮರೆಯಬಾರದು.

ಅಜ್ಜನ ಕಾಲದಿಂದ ಗೋಡೆಯ ಮೇಲೆ ತೂಗುತ್ತಿರುವ ಕೋವಿಗೂ ಈ ಪರೀಕ್ಷೆ ಬೇಕು. ತೇವ ತಗಲದ ಕರಿಮದ್ದು ಹತ್ತಾರು ವರ್ಷ ಕಳೆದರೂ ಕೆಡುವುದಿಲ್ಲ.

ತೊಳೆಯುವ ಕ್ರಮ

ಈಡು ಹೊಡೆದ ದಿನವೇ ತೊಳೆಯಬೇಕು. ರಾತ್ರಿ ತಡವಾದರೆ ಮರುದಿನ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗಾದರೂ ಆಗಬೇಕು. ಕೈ ತಾಳುವಷ್ಟು ಬಿಸಿಯಾದ ನೀರು, ಸ್ವಲ್ಪ ಸೋಪು, ಹಳೆಯ ಪಂಚೆಯ ಹತ್ತಿ ಬಟ್ಟೆಯ ಚೂರುಗಳು ಸಾಕು. ಕುದಿಯುವ ನೀರೇ ಬೇಕೆನ್ನುವವರಿದ್ದಾರೆ. ಅದರಿಂದ ನಳಿಗೆ ಬೇಗ ಒಣಗುವುದು ನಿಜ. ಆದರೆ ಕಾದ ಕಬ್ಬಿಣದ ಮೇಲೆ ಕ್ಷಣದಲ್ಲಿ ಕೆಂಪು ತುಕ್ಕಿನ ಪೊರೆಯೂ ಕಟ್ಟುತ್ತದೆ, ಕೈಯೂ ಸುಡುತ್ತದೆ. ಬೆಚ್ಚನೆಯ ನೀರೇ ಲೇಸು.

ನಳಿಗೆಯನ್ನು ಮರದಿಂದ ಸುಲಭವಾಗಿ ಬಿಡಿಸಲು ಬರುವ ಕೋವಿಯಾದರೆ ಕೆಲಸ ಹಗುರ. ನಳಿಗೆಯ ಬುಡವನ್ನು ಬಕೆಟ್ ನೀರಿನಲ್ಲಿ ಇಳಿಸಿ, ಗಜದ ಕೋಲಿನ ತುದಿಗೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಮೇಲಿನಿಂದ ಒಳಹಾಕಿ ಮೇಲೆ ಕೆಳಗೆ ಆಡಿಸಬೇಕು. ಕೋಲು ಮೇಲೇಳುವಾಗ ನಿಪ್ಪಲ್ಲಿನ ರಂಧ್ರದಿಂದ ನೀರು ಒಳಗೆ ಬರುತ್ತದೆ, ಕೆಳಗಿಳಿಯುವಾಗ ಮಸಿಯೊಡನೆ ಹೊರಚಿಮ್ಮುತ್ತದೆ. ಇದು ಪಿಚಕಾರಿಯ ಕೆಲಸವೇ. ಮೊದಲ ಬಕೆಟ್ ಶಾಯಿಯಂತೆ ಕಪ್ಪಾಗುತ್ತದೆ. ನೀರು ತಿಳಿಯಾಗುವವರೆಗೆ ಬದಲಿಸಬೇಕು.

ಹಲವು ನಾಡಕೋವಿಗಳಲ್ಲಿ ನಳಿಗೆಯನ್ನು ಪಟ್ಟಿ, ಮೊಳೆಗಳಿಂದ ಮರಕ್ಕೆ ಬಿಗಿದಿರುತ್ತಾರೆ. ಅಂಥದ್ದನ್ನು ಪ್ರತಿಸಲ ಬಿಚ್ಚಿದರೆ ಮರ ಸೀಳುತ್ತದೆ. ನಿಪ್ಪಲ್ಲಿನ ಮೇಲೆ ದಪ್ಪ ಚರ್ಮದ ತುಂಡನ್ನಿಟ್ಟು ಕುದುರೆಯನ್ನು ನಿಧಾನವಾಗಿ ಅದರ ಮೇಲಿಳಿಸಿ ರಂಧ್ರ ಮುಚ್ಚಬೇಕು. ನಳಿಗೆಗೆ ಅರ್ಧ ತಂಬಿಗೆ ನೀರು ಹೊಯ್ದು, ಬಾಯಿ ಮುಚ್ಚಿ, ಹಿಂದೆ ಮುಂದೆ ಓಲಾಡಿಸಿ ಚೆಲ್ಲಬೇಕು. ಹೀಗೆ ಐದಾರು ಸಲ. ಮರ ಮತ್ತು ನಳಿಗೆಯ ಸಂದಿಗೆ ನೀರು ಇಳಿಯದಂತೆ ಜೋಪಾನ ಬೇಕು. ಅಲ್ಲಿ ಸೇರಿದ ನೀರು ಹೊರಗೆ ಕಾಣದೆ ಹೊರಮೈಯನ್ನೂ ತಿನ್ನುತ್ತದೆ. ಇನ್ನು ರೈಫಲ್ ಮಾದರಿಯ ಬಾಯಿಮದ್ದಿನ ಕೋವಿಯ ನಳಿಗೆಯೊಳಗೆ ಸುರುಳಿ ಗೆರೆಗಳಿರುತ್ತವೆ. ಮಲೆನಾಡಿನ ಚರೆ ಕೋವಿಗಳಲ್ಲಿ ಇವು ಇರುವುದಿಲ್ಲ. ಇದ್ದಲ್ಲಿ ಮಸಿ ಆ ಗೆರೆಗಳಲ್ಲಿಯೇ ಅಡಗುವುದರಿಂದ ಇನ್ನೆರಡು ಸಲ ಹೆಚ್ಚು ತೊಳೆಯಬೇಕು.

ತೊಳೆದಾದ ಮೇಲೆ ಒಣಬಟ್ಟೆಯ ಚೂರುಗಳನ್ನು ಒಂದಾದ ಮೇಲೊಂದರಂತೆ ಬುಡದವರೆಗೆ ತಳ್ಳಿ ತೆಗೆಯಬೇಕು. ಬಟ್ಟೆ ಬಿಳಿಯಾಗಿಯೂ ಒಣದಾಗಿಯೂ ಹೊರಬರುವವರೆಗೆ ನಿಲ್ಲಿಸಬಾರದು. ಆಮೇಲೆ ಎಣ್ಣೆಯ ಸರದಿ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆ ಒಳ್ಳೆಯದು. ಕೊಬ್ಬರಿ ಎಣ್ಣೆ ಹಿಂದಿನಿಂದ ಬಳಕೆಯಲ್ಲಿದ್ದರೂ ಚಳಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಕಮಟಾಗಿ ಅಂಟಾಗುತ್ತದೆ. ಸೀಮೆಎಣ್ಣೆ ಹಳೆಯ ತುಕ್ಕನ್ನು ಸಡಿಲಿಸೀತೇ ಹೊರತು ಆರಿಹೋಗುವುದರಿಂದ ಕಾವಲಿಗೆ ಬಾರದು. ಎಣ್ಣೆಯೂ ಮಿತವಾಗಿರಬೇಕು. ಬುಡದಲ್ಲಿ ಎಣ್ಣೆ ನಿಂತರೆ ಮುಂದಿನ ಸಲ ಕೇಪು ಸಿಡಿದರೂ ಮದ್ದು ಹತ್ತುವುದಿಲ್ಲ. ಈಡು ತುಂಬುವ ಮುಂಚೆ ನಳಿಗೆಯ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ತೆಗೆಯಬೇಕು.

ಬಹುಮಂದಿ ಬಿಟ್ಟುಬಿಡುವ ಹೆಜ್ಜೆಯೊಂದಿದೆ. ಮರುದಿನ ಒಮ್ಮೆ, ಮೂರನೆಯ ದಿನ ಇನ್ನೊಮ್ಮೆ ಬಿಳಿಬಟ್ಟೆಯನ್ನು ಒಳಗೆ ಹಾಕಿ ತೆಗೆದು ನೋಡಬೇಕು. ಬಟ್ಟೆಯ ಮೇಲೆ ಕೆಂಪು ಛಾಯೆ ಕಂಡರೆ ಉಪ್ಪು ಉಳಿದಿದೆ ಎಂದರ್ಥ. ಆಗ ಎಣ್ಣೆ ಮೇಲೆ ಎಣ್ಣೆ ಬಳಿಯದೆ ಮತ್ತೆ ನೀರಿನಿಂದ ಆರಂಭಿಸಬೇಕು.

ನಿಪ್ಪಲ್, ಕುದುರೆ, ಚಕಮಕಿ

ನಿಪ್ಪಲ್ಲಿನ ರಂಧ್ರವನ್ನು ಹಿತ್ತಾಳೆಯ ತಂತಿಯಿಂದ ಅಥವಾ ಕೋಳಿಗರಿಯ ದಂಟಿನಿಂದ ಬಿಡಿಸಬೇಕು. ಉಕ್ಕಿನ ದಬ್ಬಳದಿಂದ ತಿರುವಿದರೆ ರಂಧ್ರ ಅಗಲವಾಗುತ್ತದೆ. ಅಗಲವಾದ ರಂಧ್ರದಿಂದ ಬೆಂಕಿ ಹಿಂದಕ್ಕೆ ಹೊಡೆದು ಕುದುರೆಯನ್ನೇ ಎತ್ತುತ್ತದೆ. ಅಂತಹ ನಿಪ್ಪಲ್ಲನ್ನು ಬದಲಿಸದೆ ಬಳಸಕೂಡದು. ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿದಾಗ ಟ್ರಿಗರ್ ಒತ್ತಿದರೂ ಅದು ಬೀಳಬಾರದು. ಬರಿ ಕೋವಿಯಲ್ಲಿ, ಚರ್ಮದ ತುಂಡನ್ನು ಅಡ್ಡವಿಟ್ಟು, ಇದನ್ನು ಪರೀಕ್ಷಿಸಬೇಕು. ಬಿದ್ದರೆ ಒಳಗಿನ ಕಚ್ಚು ಸವೆದಿದೆ. ಕೋವಿ ರಿಪೇರಿಯಾಗುವವರೆಗೆ ಹೊರಗೆ ಬರಬಾರದು. ಕುದುರೆಯ ಒಳಕೀಲುಗಳನ್ನು ಮನೆಯಲ್ಲಿ ಬಿಚ್ಚುವ ಚಪಲ ಬೇಡ. ದೊಡ್ಡ ಸ್ಪ್ರಿಂಗ್ ಮುರಿಯುವುದು ಬಿಚ್ಚುವ ಕೈಯಲ್ಲೇ.

ಕೇಪು ಬರುವುದಕ್ಕೆ ಮೊದಲು ಇದ್ದದ್ದು ಚಕಮಕಿ ಕೋವಿ. ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದಲ್ಲಿ ತಯಾರಾಗುತ್ತಿದ್ದುದು ಈ ಬಗೆಯವೇ. ಕೇಪಿಗೆ ದಾರಿ ಮಾಡಿದ ಸಿಡಿಮದ್ದಿನ ಪೇಟೆಂಟ್ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಅವರಿಗೆ ದೊರೆತದ್ದು 1807ರಲ್ಲಿ. ಚಕಮಕಿ ಕೋವಿಯಲ್ಲಿ ಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿ ರಂಜಕದ ಬಟ್ಟಲಿಗೆ ಬೀಳುತ್ತದೆ. ಆ ಬಟ್ಟಲು ಬಯಲಿಗೆ ತೆರೆದಿರುವುದರಿಂದ ಮಸಿ ಒಳಗಷ್ಟೇ ಅಲ್ಲ, ಹೊರಗೂ ಕೂರುತ್ತದೆ. ಬಟ್ಟಲು, ತಗಡು, ಕಲ್ಲಿನ ಕೆಳಭಾಗ, ನಳಿಗೆಯ ಕಿವಿ ಎಲ್ಲವನ್ನೂ ಒದ್ದೆಬಟ್ಟೆಯಿಂದ ಒರೆಸಿ ಒಣಗಿಸಬೇಕು. ಕಿಡಿ ಬೀಳುವ ತಗಡಿನ ಮುಖಕ್ಕೆ ಮಾತ್ರ ಬಳಸುವ ಮುನ್ನ ಎಣ್ಣೆಯ ಸೋಂಕೂ ಇರಬಾರದು.

ಪೂಜೆಯ ಕೋವಿಗೂ ಒಂದು ಮಾತು. ಕೊಡಗಿನಲ್ಲಿ ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ ಮೊದಲ ವಾರದಲ್ಲಿ, ಮಳೆ ಇನ್ನೂ ಹಿಂಗದಿರುವಾಗ. ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂ, ಮೈಗೆ ಹಚ್ಚಿದ ಗಂಧ, ಕುಂಕುಮ ಎಲ್ಲವೂ ತೇವವನ್ನು ಹಿಡಿಯುತ್ತವೆ. ಆಯುಧಪೂಜೆಯಲ್ಲೂ ಹಾಗೆಯೇ. ಪೂಜೆ ಮುಗಿದ ಮರುದಿನ ಹೂ ತೆಗೆದು, ಗಂಧ ಒರೆಸಿ, ಎಣ್ಣೆಬಟ್ಟೆ ಆಡಿಸಬೇಕು. ಹಿತ್ತಾಳೆಯ ಪಟ್ಟಿ ಹೊಳೆಯಲೆಂದು ಹುಣಸೆಹಣ್ಣು ಉಜ್ಜುವವರುಂಟು. ಪಕ್ಕದ ಕಬ್ಬಿಣಕ್ಕೆ ಆ ಹುಳಿ ವಿಷ.

ಕೆಲವು ನಿಷೇಧಗಳು

ತೋಟೆಯೊಳಗಿನ ಹೊಗೆಯಿಲ್ಲದ ಮದ್ದನ್ನು ಬಿಡಿಸಿ ಬಾಯಿಮದ್ದಿನ ಕೋವಿಗೆ ಎಂದೂ ಹಾಕಬಾರದು. ಅದರ ಒತ್ತಡ ಕರಿಮದ್ದಿನದಕ್ಕಿಂತ ಬಹಳ ಹೆಚ್ಚು. ಎಷ್ಟು ಚೊಕ್ಕಟವಾದ ನಳಿಗೆಯೂ ತಾಳದು. ನಳಿಗೆಯ ಬುಡದಲ್ಲಿ ಕುಳಿಗಳು ಬಿದ್ದಿದ್ದರೆ, ಬೆಸುಗೆಯ ಗೆರೆಯಲ್ಲಿ ಎಣ್ಣೆ ಜಿನುಗಿದರೆ, ಊರಿನ ಕುಲುಮೆಯಲ್ಲಿ ಬೆಸೆಸಿ ಮತ್ತೆ ಬಳಸುವುದು ಪ್ರಾಣದೊಡನೆ ಚೆಲ್ಲಾಟ. ಕೋವಿ ಇರುವುದು ಬೆಳೆ ಕಾಯಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಧಿಕಾರಿಗಳ ಅನುಮತಿಯಿಲ್ಲದೆ ಕಾಡುಪ್ರಾಣಿಯನ್ನು ಕೊಲ್ಲುವುದು ಅಪರಾಧ.

ಕೋವಿಯನ್ನು ಒಲೆಯ ಮೇಲಿನ ಅಟ್ಟದಲ್ಲಾಗಲಿ, ಚರ್ಮದ ಚೀಲದಲ್ಲಾಗಲಿ ಇಡಬಾರದು. ಚರ್ಮ ತೇವ ಹಿಡಿಯುತ್ತದೆ. ಬರಿದು ಮಾಡಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ, ಬಾಯಿ ಕೆಳಗಾಗಿ ಇಡುವುದು ಮೇಲು. ಹಾಗಿಟ್ಟರೆ ಎಣ್ಣೆ ಮರಕ್ಕೂ ಕುದುರೆಯ ಕೀಲಿಗೂ ಇಳಿಯುವುದಿಲ್ಲ. ಮದ್ದು, ಕೇಪುಗಳ ಜಾಗ ಬೇರೆಯೇ ಇರಲಿ.

ಚುನಾವಣೆ ಬಂದಾಗ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಬೇಕಾಗಿ ಬರುವುದು ರೈತರ ಹಳೆಯ ದೂರು. ಬೆಳೆ ಕೈಗೆ ಬರುವ ಕಾಲದಲ್ಲಿ ಕೋವಿಯಿಲ್ಲದ ಸಂಕಟ ಒಂದಾದರೆ, ವಾರಗಟ್ಟಲೆ ರಾಶಿಯಲ್ಲಿ ಬಿದ್ದ ಕೋವಿ ತುಕ್ಕು ಹಿಡಿದು ಮರಳುವ ಸಂಕಟ ಇನ್ನೊಂದು. ಮೊದಲನೆಯದಕ್ಕೆ ಇಲ್ಲಿ ಪರಿಹಾರವಿಲ್ಲ. ಎರಡನೆಯದಕ್ಕೆ ಇದೆ: ಒಪ್ಪಿಸುವ ಹಿಂದಿನ ದಿನ ಮೇಲೆ ಹೇಳಿದಂತೆ ತೊಳೆದು, ಒಣಗಿಸಿ, ನಳಿಗೆಯ ಒಳಗೂ ಹೊರಗೂ ಎಂದಿಗಿಂತ ತುಸು ದಪ್ಪವಾಗಿ ಎಣ್ಣೆ ಹಚ್ಚಿ, ಒಳಗೆ ಈಡಿಲ್ಲವೆಂದು ಠಾಣೆಯವರ ಎದುರಿಗೇ ಗಜದ ಕೋಲಿನಿಂದ ತೋರಿಸಿ, ರಸೀದಿ ಪಡೆಯಬೇಕು. ಮರಳಿ ತಂದ ದಿನ ಮತ್ತೆ ಗಜದ ಕೋಲನ್ನು ಇಳಿಸಿ ಅಳೆದು, ಹಳೆಯ ಎಣ್ಣೆ ತೆಗೆದು, ಬಿಳಿಬಟ್ಟೆಯ ಪರೀಕ್ಷೆ ಮಾಡಿದ ಮೇಲೆಯೇ ಕೋವಿಯನ್ನು ಬಳಕೆಗೆ ತರಬೇಕು.