ಪರದೇಶಿಯ ನೆಲೆ



ಪರದೇಶಿ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಬೇರೆ ದೇಶದಿಂದ ಬಂದವನೆಂಬುದು ಒಂದು, ದಿಕ್ಕಿಲ್ಲದವನೆಂಬುದು ಇನ್ನೊಂದು. ಊರು ಬಿಟ್ಟು ದುಡಿಯಹೋಗುವವನಿಗೆ ಮೊದಲನೆಯ ಅರ್ಥದ ವಿಷಯದಲ್ಲಿ ಚಿಂತೆಯಿಲ್ಲ. ಎರಡನೆಯದು ತನಗೆ ಅನ್ವಯಿಸದಿರಲೆಂಬುದೇ ಅವನ ಹಾರೈಕೆ. ಒಂದೇ ಬಗೆಯ ಸಂಪತ್ತುಳ್ಳ ನೆರೆಹೊರೆಯ ರಾಜ್ಯಗಳಲ್ಲಿ ಅವನು ಒಂದನ್ನು ಬಿಟ್ಟು ಇನ್ನೊಂದನ್ನು ಏತಕ್ಕೆ ಆರಿಸಿಕೊಳ್ಳುತ್ತಾನೆಂಬುದನ್ನು ಈ ದಿನ ವಿಚಾರಮಾಡೋಣ. ಉದಾಹರಣೆಗಾಗಿ ಅರಬ್ಬೀ ಕೊಲ್ಲಿಯ ರಾಜ್ಯಗಳನ್ನು ತೆಗೆದುಕೊಳ್ಳುತ್ತೇವೆ.

ಸೌದಿ ಅರೇಬಿಯ, ಕುವೈತ್, ಬಹರೇನ್, ಕತಾರ್, ಒಮಾನ್ ಮತ್ತು ಸಂಯುಕ್ತ ಅರಬ್ ಸಂಸ್ಥಾನ, ಈ ಆರರಲ್ಲಿಯೂ ರಾಜಭಾಷೆ ಒಂದೇ, ರಾಜ್ಯದ ಮತ ಒಂದೇ, ಬಿಸಿಲೂ ಹೆಚ್ಚುಕಡಿಮೆ ಒಂದೇ. ನೆಲದೊಳಗಿನ ಎಣ್ಣೆ ಮತ್ತು ಅನಿಲಗಳೇ ಇವುಗಳ ಐಶ್ವರ್ಯಕ್ಕೆ ಮೂಲ. ನೌಕರನ ಸಂಬಳದಿಂದ ವರಮಾನ ತೆರಿಗೆಯನ್ನು ಮುರಿದುಕೊಳ್ಳದಿರುವುದು ಈ ಕಡೆ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಸಂಯುಕ್ತ ಅರಬ್ ಸಂಸ್ಥಾನದ ವಿಸ್ತೀರ್ಣ ಸೌದಿ ಅರೇಬಿಯದ ಇಪ್ಪತ್ತೈದನೆಯ ಒಂದು ಪಾಲಿನಷ್ಟು ಮಾತ್ರ. ಹೀಗಿದ್ದರೂ ಆರು ರಾಜ್ಯಗಳ ಪೈಕಿ ಭಾರತೀಯರು ಅತ್ಯಧಿಕವಾಗಿ ನೆಲೆಸಿರುವುದು ಇಲ್ಲಿಯೇ. ಅವರ ಸಂಖ್ಯೆ 35 ಲಕ್ಷಕ್ಕೂ ಮಿಗಿಲು. ಇಲ್ಲಿನ ಜನಸಂಖ್ಯೆಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಹೊರಗಿನಿಂದ ಬಂದವರು. ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಮನೆಗಳಲ್ಲಿ ದುಬೈ ಎಂಬ ಹೆಸರು ನೆರೆಯೂರಿನ ಹೆಸರಿನಂತೆ ಬಳಕೆಯಾಗುತ್ತಿದೆ. ಇದಕ್ಕೆ ಸಂಬಳವೊಂದೇ ಕಾರಣವಾಗಿರಲಾರದು.

ಇದರ ಬೇರು ಎಣ್ಣೆಯ ಕಾಲಕ್ಕಿಂತ ಹಳೆಯದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಲ್ಲಿಯ ಆಚೆಯ ದಡದಲ್ಲಿ, ಪಾರಸೀಕ ದೇಶದ ಲಿಂಗಾ ಎಂಬ ರೇವು ವ್ಯಾಪಾರಕ್ಕೆ ಪ್ರಸಿದ್ಧವಾಗಿದ್ದಿತು. ಅಲ್ಲಿನ ಸರ್ಕಾರ ಸುಂಕದ ಕಟ್ಟುಪಾಡುಗಳನ್ನು ಬಿಗಿಮಾಡಿತು. ಅದೇ ಸಮಯದಲ್ಲಿ ದುಬೈಯ ದೊರೆ ಶೇಖ್ ಮಕ್ತೂಮ್ ಬಿನ್ ಹಷೆರ್ ತನ್ನ ರೇವಿನ ಸುಂಕವನ್ನು ತೆಗೆದುಹಾಕಿ ವರ್ತಕರನ್ನು ಬರಮಾಡಿಕೊಂಡನು. ಆಚೆಯ ದಡದ ವರ್ತಕರು ಈಚೆಗೆ ಬಂದರು. ತಮ್ಮ ಊರಾದ ಬಸ್ತಕದ ಹೆಸರಿನಿಂದಲೇ ಬಸ್ತಕೀಯ ಎಂಬ ಕೇರಿಯೊಂದನ್ನು ಕಟ್ಟಿಕೊಂಡರು. ಭಾರತದಿಂದ ಬರುವ ಆವಿಯ ಹಡಗುಗಳೂ ಆ ದಿನಗಳಿಂದಲೇ ದುಬೈಯನ್ನು ಮುಟ್ಟತೊಡಗಿದುವು. ನಮ್ಮ ರೂಪಾಯಿ ಅಲ್ಲಿ 1966ರ ವರೆಗೂ ಚಲಾವಣೆಯಲ್ಲಿದ್ದಿತೆಂಬುದನ್ನು ನೆನೆದರೆ, ಅಲ್ಲಿ ಭಾರತೀಯನು ಎಷ್ಟು ಹಳಬನೆಂಬುದು ವಿಶದವಾಗುತ್ತದೆ.

ಮುಂದೆ ಹೂಳು ತುಂಬುತ್ತಿದ್ದ ತನ್ನ ಕಡಲಕಾಲುವೆಯನ್ನು ದುಬೈ ಸಾಲಮಾಡಿ ತೋಡಿಸಿತು. ಆ ಕೆಲಸ 1961ರಲ್ಲಿ ಮುಗಿಯಿತು. ನೆರೆಯ ಷಾರ್ಜಾದ ಕಾಲುವೆ ಹೂಳಿನಿಂದ ಕೆಟ್ಟುಹೋಗಿ, ಅಲ್ಲಿನ ವ್ಯಾಪಾರ ದುಬೈಯ ಕಡೆಗೆ ಸರಿಯಿತು. ದುಬೈಯಲ್ಲಿ ಎಣ್ಣೆ ಕಂಡುದು ಅನಂತರ, 1966ರಲ್ಲಿ, ಅದೂ ಅಲ್ಪವೇ. ಒಕ್ಕೂಟದ ಏಳು ಸಂಸ್ಥಾನಗಳ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನ ಪಾಲು ಅಬುಧಾಬಿಯದು. ಮನೆಯೊಳಗೆ ನಿಧಿಯಿದ್ದವನು ಬಂದವರನ್ನು ಆದರಿಸಿದರೂ ಸರಿ, ಬಿಟ್ಟರೂ ಸರಿ. ಅಂಗಡಿಯನ್ನೇ ನಂಬಿದವನಿಗೆ ಆ ಸ್ವಾತಂತ್ರ್ಯವಿಲ್ಲ. ದುಬೈಯ ಔದಾರ್ಯದಲ್ಲಿ ಅದರ ಅಗತ್ಯವೂ ಬೆರೆತಿದೆಯೆಂದರೆ ತಪ್ಪಾಗಲಾರದು. ಪರದೇಶಿಗೂ ಇದರಿಂದ ನಷ್ಟವಿಲ್ಲ. ಕೇವಲ ಸದ್ಭಾವದಿಂದ ತೆರೆದ ಬಾಗಿಲು ಮನಸ್ಸು ಬದಲಾದ ದಿನ ಮುಚ್ಚಬಹುದು. ಅಗತ್ಯದಿಂದ ತೆರೆದ ಬಾಗಿಲು ಅಷ್ಟು ಸುಲಭವಾಗಿ ಮುಚ್ಚುವುದಿಲ್ಲ.

ಈ ನೀತಿಯನ್ನೇ ಮುಂದಿನವರು ಶಾಸನಗಳ ಮೂಲಕ ಬೆಳೆಸಿದರು. ಸಾಮಾನ್ಯವಾಗಿ ಅಲ್ಲಿ ವ್ಯಾಪಾರ ಹೂಡುವ ವಿದೇಶೀಯನು ನೂರರಲ್ಲಿ ಐವತ್ತೊಂದು ಪಾಲನ್ನು ಆ ನಾಡಿನವನ ಹೆಸರಿಗೆ ಬಿಡಬೇಕಾಗಿದ್ದಿತು. 1985ರಲ್ಲಿ ಜಬಲ್ ಅಲಿ ರೇವಿನ ಬಳಿ ಏರ್ಪಟ್ಟ ಮುಕ್ತವಲಯದಲ್ಲಿ ಈ ನಿರ್ಬಂಧ ಉಳಿಯಲಿಲ್ಲ. 2002ರಲ್ಲಿ ಗೊತ್ತಾದ ಕೆಲವು ಬಡಾವಣೆಗಳಲ್ಲಿ ವಿದೇಶೀಯರು ಸ್ವಂತ ಮನೆಯನ್ನು ಕೊಳ್ಳಬಹುದೆಂದಾಯಿತು.

ಆದರೆ ಮನುಷ್ಯನು ನೆಲೆಸುವುದು ಅಂಗಡಿಯಲ್ಲಲ್ಲ, ಸಂಸಾರದಲ್ಲಿ. ಮಕ್ಕಳಿಗೆ ಶಾಲೆಯುಂಟೇ, ಹೆಂಗಸರು ನಿರಾತಂಕವಾಗಿ ಹೊರಗೆ ಹೋಗಿಬರಬಹುದೇ, ಹಬ್ಬದ ದಿನ ಕೈಮುಗಿಯಲು ಒಂದು ಸ್ಥಳವುಂಟೇ ಎಂದು ಗೃಹಿಣಿ ಕೇಳುತ್ತಾಳೆ. ಎಷ್ಟೋ ಮನೆಗಳಲ್ಲಿ ತೀರ್ಮಾನವೂ ಅವಳದೇ. ದುಬೈಯ ಹಳೆಯ ಪೇಟೆಯಲ್ಲಿ ಹಿಂದೂ ದೇವಾಲಯ 1958ರಿಂದಲೂ ಇದ್ದಿತು. ಭಾರತೀಯ ಪ್ರೌಢಶಾಲೆ 1961ರಲ್ಲಿ ಆರಂಭವಾಯಿತು. ಈ ಸೌಕರ್ಯ ದುಬೈಗೆ ಮಾತ್ರ ಮೀಸಲೆನ್ನಲಾಗದು. ಮಸ್ಕತ್ ಮತ್ತು ಬಹರೇನುಗಳ ದೇವಾಲಯಗಳು ಇನ್ನೂ ಹಳೆಯವು. ಸೌದಿ ಅರೇಬಿಯದಲ್ಲಾದರೋ ಅನ್ಯಮತದ ಬಹಿರಂಗ ಪೂಜೆಗೆ ಅವಕಾಶವಿಲ್ಲ. ಸ್ತ್ರೀಯರು ಮೋಟಾರು ನಡೆಸಲು ಅನುಮತಿ ದೊರೆತುದು 2018ರಲ್ಲಿ. 2017ರಿಂದ ಪರದೇಶಿಯ ಅವಲಂಬಿಗಳ ಮೇಲೆ ತಲೆಯೊಂದಕ್ಕೆ ತಿಂಗಳಿಗೆ 100 ರಿಯಾಲುಗಳ ಶುಲ್ಕವನ್ನು ಅಲ್ಲಿ ವಿಧಿಸಿದರು. ಅದು ವರ್ಷವರ್ಷಕ್ಕೂ ಏರಿ 2020ರಲ್ಲಿ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳುಳ್ಳ ಗುಮಾಸ್ತನು ಅವರನ್ನು ತನ್ನೊಡನೆ ಇರಿಸಿಕೊಳ್ಳುವುದಕ್ಕಾಗಿಯೇ ತಿಂಗಳಿಗೆ 1,200 ರಿಯಾಲುಗಳನ್ನು ತೆರಬೇಕು. ಅನೇಕರು ಸಂಸಾರವನ್ನು ಊರಿಗೆ ಕಳುಹಿಸಿ ತಾವೊಬ್ಬರೇ ಉಳಿದುಕೊಂಡರು. ಸಂಬಳ ಅಷ್ಟೇ ಇದ್ದಿತು. ಅದನ್ನು ಅನುಭವಿಸುವ ಮನೆ ಒಡೆಯಿತು.

ಪರದೇಶಿಯು ಬಯಸುವ ವಸ್ತು ಭರವಸೆ. ಅಂದರೆ, ನಾಳೆ ಏನು ನಡೆಯುವುದೆಂಬುದನ್ನು ಇಂದೇ ತಕ್ಕಮಟ್ಟಿಗೆ ತಿಳಿದಿರುವುದು. ಕುವೈತಿನ ನಾಣ್ಯದ ಬೆಲೆ ಬಹಳ ಹೆಚ್ಚಿನದು. ಆದರೂ 1990ರ ಆಗಸ್ಟಿನಲ್ಲಿ ಇರಾಕಿನ ಸೇನೆ ಆ ರಾಜ್ಯವನ್ನು ಆಕ್ರಮಿಸಿದಾಗ, 1,70,000ಕ್ಕೂ ಹೆಚ್ಚು ಮಂದಿ ಭಾರತೀಯರು ತಾಯ್ನಾಡಿಗೆ ಮರಳಬೇಕಾಯಿತು. ಅವರಲ್ಲಿ ಎಷ್ಟೋ ಮಂದಿಯ ವರ್ಷಗಳ ಗಳಿಕೆ ಅಲ್ಲಿಯೇ ಉಳಿಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರದ ಅರ್ಧವನ್ನು ಮಾತ್ರ ತೋರಿಸಿದಂತಾಗುತ್ತದೆ. ಆಯ್ಕೆಯೆಂಬ ಮಾತು ಎಲ್ಲರಿಗೂ ಸಲ್ಲತಕ್ಕದ್ದಲ್ಲ. ದುಬೈಯ ಅಂಚಿನಲ್ಲಿ ಕೂಲಿಕಾರರ ವಸತಿಗಳಿರುವ ಪ್ರದೇಶವೊಂದನ್ನು ನಮ್ಮ ಜನರೇ ಸೋನಾಪುರವೆಂದು ಕರೆಯುತ್ತಾರೆ. ಆ ಚಿನ್ನದ ಊರಿನಲ್ಲಿ ಒಂದೊಂದು ಕೋಣೆಯನ್ನು ಹಲವರು ಹಂಚಿಕೊಂಡು ಮಲಗುತ್ತಾರೆ. ಅವರಲ್ಲಿ ಬಹುಮಂದಿಯ ಪಾಲಿಗೆ ದೇಶವನ್ನು ಆರಿಸಿದವನು ದಲ್ಲಾಳಿ. ಹೊರಡಿಸಿದುದು ಊರಿನ ಸಾಲ. ಸಂಸಾರವನ್ನು ಕರೆತರಬೇಕಾದರೆ ತಿಂಗಳಿಗೆ 4,000 ದಿರಹಮುಗಳ ಸಂಬಳವಿರಬೇಕು, ಇಲ್ಲವೇ ವಾಸಕ್ಕೆ ಮನೆಯೊಡನೆ 3,000 ಇರಬೇಕು ಎಂಬುದು 2019ರಲ್ಲಿ ಬಂದ ನಿಯಮ. ಆ ಮೊತ್ತ ಮುಟ್ಟದವನಿಗೆ ನಾವು ಹೇಳಿದ ಶಾಲೆಯೂ ಮನೆಯೂ ಕೇಳಿದ ಮಾತುಗಳಷ್ಟೇ. ಅವನು ಎರಡನೆಯ ಅರ್ಥದಲ್ಲಿಯೂ ಪರದೇಶಿ.

ಸಂಬಳವುಳ್ಳವನಿಗಾದರೂ ಅದು ಒಳ್ಳೆಯ ಛತ್ರವೇ ಹೊರತು ಮನೆಯಾಗಿಲ್ಲ. ವಾಸದ ಅನುಮತಿ ಸಾಮಾನ್ಯವಾಗಿ ಕೆಲಸಕ್ಕೆ ಕಟ್ಟುಬಿದ್ದಿರುತ್ತದೆ. ಕೆಲಸ ಹೋದ ಬಳಿಕ ಬೇರೆ ಆಶ್ರಯ ದೊರೆಯದಿದ್ದರೆ ಗೊತ್ತಾದ ಅವಧಿಯೊಳಗೆ ಹೊರಡಬೇಕು. 2019ರಿಂದ ಹತ್ತು ವರ್ಷಗಳ ಅನುಮತಿ ಕೆಲವರಿಗೆ ದೊರೆಯುತ್ತಿದೆ. ಪೌರತ್ವಕ್ಕೆ 2021ರಲ್ಲಿ ಒಂದು ಕಿರುಬಾಗಿಲು ತೆರೆಯಿತಾದರೂ, ಅಧಿಕಾರದಲ್ಲಿರುವವರು ಹೆಸರಿಸಿದವರಿಗೆ ಮಾತ್ರ ಅದು ಲಭ್ಯ.

ಛತ್ರವೆಂಬುದನ್ನು ಬಲ್ಲ ತಂದೆ ದುಃಖಿಸುವುದಿಲ್ಲ. ಅವನು ಲೆಕ್ಕಹಾಕಿಯೇ ಬಂದವನು. ಆದರೆ ಅಲ್ಲಿಯೇ ಹುಟ್ಟಿ, ಅಲ್ಲಿಯೇ ಅಕ್ಷರ ಕಲಿತ ಮಗನ ಗತಿಯೇನು? ತಂದೆಯ ಹೊಣೆಯ ಮೇಲೆ ಗಂಡುಮಗ ಸಾಮಾನ್ಯವಾಗಿ ಹದಿನೆಂಟು ವರ್ಷದ ವರೆಗೆ ಮಾತ್ರ ಅಲ್ಲಿರಬಹುದಾಗಿದ್ದಿತು. 2022ರಲ್ಲಿ ಅದನ್ನು ಅವಿವಾಹಿತನಿಗೆ ಇಪ್ಪತ್ತೈದಕ್ಕೆ ಏರಿಸಿದರು. ಆ ಬಳಿಕ ತನ್ನ ಜನ್ಮಸ್ಥಳದಲ್ಲಿ ಇರುವುದಕ್ಕೆ ಅವನು ಹೊಸಬನಂತೆ ಬೇರೊಂದು ಆಧಾರವನ್ನು ತೋರಿಸಬೇಕು. ನಮ್ಮ ಊರಿಗೆ ಅವನು ಬಂದರೆ, ಅವನ ಮಾತಿನ ರೀತಿಯನ್ನು ಕೇಳಿ ನಾವೂ ಅವನನ್ನು ಹೊರಗಿನವನೆನ್ನುತ್ತೇವೆ. ದೇಶವನ್ನು ಆರಿಸಿಕೊಳ್ಳದೆಯೇ ಎರಡು ಕಡೆಯೂ ಪರದೇಶಿಯಾದವನು ಅವನು. ಆ ಕಡೆಯ ಶಾಸನವನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಈ ಕಡೆ ಅವನಿಗೆ ಆ ಹೆಸರು ತಗುಲದಂತೆ ನೋಡಿಕೊಳ್ಳುವುದು ನಮ್ಮಿಂದ ಆಗತಕ್ಕ ಕೆಲಸ.