ಎಳೆಯ ವಯಸ್ಸಿನ ಧೈರ್ಯ



ಜಾತ್ರೆಯೆಂದರೆ ಮಕ್ಕಳ ಕಾಲು ನೆಲದ ಮೇಲೆ ನಿಲ್ಲದು. ಅಂಥ ಕಾಲಿಗೇ ರೋಗ ಬಂದ ಬಾಲಕನೊಬ್ಬನನ್ನು ಈ ಸುದಿನದಲ್ಲಿ ನೆನೆಯುವುದು ಉಚಿತವಾಗಿದೆ.

ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿಯವರ ಮಗ ಟೆಡ್ಡಿಗೆ 1973ರಲ್ಲಿ, 12ನೆಯ ವಯಸ್ಸಿನಲ್ಲಿ, ಮೂಳೆಯ ಕ್ಯಾನ್ಸರ್ ಕಾಣಿಸಿತು. ಪ್ರಾಣ ಉಳಿಸಲು ವೈದ್ಯರು ಬಲಗಾಲನ್ನು ಮೊಣಕಾಲಿನ ಮೇಲ್ಭಾಗದಲ್ಲಿ ತೆಗೆಯಬೇಕಾಯಿತು. ಕೃತಕ ಕಾಲು ಇನ್ನೂ ಒಗ್ಗದಿದ್ದ ದಿನಗಳಲ್ಲಿ ಹಿಮ ಸುರಿಯಿತು. ಜಾರುಗಾಡಿಯ ಆಟಕ್ಕೆಂದು ತಂದೆ ಮಗನನ್ನು ದಿಬ್ಬದ ಕಡೆಗೆ ಕರೆದೊಯ್ದರು. ಹುಡುಗ ಜಾರಿ ಬಿದ್ದ. ತನ್ನಿಂದ ಎಂದಿಗೂ ಹತ್ತಲಾಗದು ಎಂದು ಅತ್ತ. ತಂದೆ ಅವನನ್ನು ಎತ್ತಿ ನಿಲ್ಲಿಸಿ, ದಿನವೆಲ್ಲ ಹಿಡಿದರೂ ಸರಿ, ಜೊತೆಯಾಗಿಯೇ ಹತ್ತೋಣ ಎಂದರು. ಇಬ್ಬರೂ ಹತ್ತಿದರು. 2009ರಲ್ಲಿ ತಂದೆಯ ಅಂತ್ಯಕ್ರಿಯೆಯ ಸಭೆಯಲ್ಲಿ ಈ ಪ್ರಸಂಗವನ್ನು ಹೇಳಿದವರು ಆ ಮಗನೇ. ಅಷ್ಟು ಹೊತ್ತಿಗೆ ಅವರು ವಕೀಲರಾಗಿ, ಅಂಗವಿಕಲರ ಹಕ್ಕುಗಳಿಗಾಗಿ ದುಡಿದಿದ್ದರು.

ಅತ್ತ ಮಗುವೂ ಧೈರ್ಯಶಾಲಿಯೇ. ಅದರ ಧೈರ್ಯಕ್ಕೆ ಹಿರಿಯರ ಆಸರೆ ಬೇಕು.

ತಂದೆತಾಯಿಗಳು ಒಂದು ಮಾತು ಗಮನಿಸಬೇಕು. ಮಗುವಿನ ಮೊಣಕಾಲಿನ ಬಳಿ ನೋವು, ಊತ ವಾರಗಟ್ಟಲೆ ಇಳಿಯದಿದ್ದರೆ, ರಾತ್ರಿ ನೋವು ಹೆಚ್ಚಿದರೆ, ಎಣ್ಣೆ ತಿಕ್ಕಿ ಸುಮ್ಮನಿರಬಾರದು. ವೈದ್ಯರಿಗೆ ತೋರಿಸಿ ಎಕ್ಸ್‌ರೇ ತೆಗೆಸಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಮಕ್ಕಳ ಕ್ಯಾನ್ಸರಿಗೂ ಚಿಕಿತ್ಸೆಯುಂಟು. ಬೇಗ ಗುರುತಿಸಿದರೆ ಇಂದು ಅನೇಕ ಮಕ್ಕಳ ಕಾಲನ್ನೂ ಉಳಿಸಬಹುದು.

ದೇವರಿಗೆ ಹರಕೆಯೂ ಇರಲಿ, ಆಸ್ಪತ್ರೆಯ ದಾರಿಯೂ ತಪ್ಪದಿರಲಿ. ನೊಂದ ಮಗುವಿಗೆ ಊರೆಲ್ಲ ಹೆಗಲು ಕೊಡಲಿ.